ಕಾವಲು ಕ್ಯಾಮೆರಾಗಳು: ಸುರಕ್ಷಿತ ಕಟ್ಟಡಗಳಲ್ಲಿ ಜನರನ್ನು ಗುರುತಿಸುವ ಬಗೆ

ಹಿಂದಿನ ಕಾಲದಲ್ಲಿ ಕೋಟೆಯ ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಎರಡು ಕರ್ತವ್ಯಗಳಿದ್ದವು. ಬಂದವರು ಯಾರು ಎಂಬುದನ್ನು ತಿಳಿಯುವುದು ಮೊದಲನೆಯದು. ಒಳಗೆ ಹೋದವರು ಎತ್ತ ಸಾಗಿದರು ಎಂಬುದರ ಮೇಲೆ ಕಣ್ಣಿಡುವುದು ಎರಡನೆಯದು. ಪರಿಚಿತ ಮುಖ, ಮುದ್ರೆಯುಂಗುರ, ರಹದಾರಿ ಪತ್ರ, ಸಂಕೇತಪದ ಇವು ಅವನ ಸಾಧನಗಳಾಗಿದ್ದವು. ಇಂದು ವಿಮಾನ ನಿಲ್ದಾಣ, ಸಂಸತ್ ಭವನ, ಅಣುವಿದ್ಯುತ್ ಕೇಂದ್ರ, ಬ್ಯಾಂಕಿನ ಖಜಾನೆ, ನ್ಯಾಯಾಲಯ, ಸಂಶೋಧನಾಲಯ ಮುಂತಾದ ಕಟ್ಟಡಗಳಲ್ಲಿ ಅದೇ ಎರಡು ಕರ್ತವ್ಯಗಳ ಬಹುಭಾಗವನ್ನು ಕ್ಯಾಮೆರಾ ಮತ್ತು ಗಣಕಯಂತ್ರಗಳು ನಿರ್ವಹಿಸುತ್ತಿವೆ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಂತಹ ನಗರಗಳಲ್ಲಿ ನೆಲೆಸಿರುವ ಸಾಮಾನ್ಯ ನಾಗರಿಕನೂ ದಿನಕ್ಕೊಮ್ಮೆಯಾದರೂ ಇಂತಹ ಕ್ಯಾಮೆರಾದ ಎದುರು ಹಾದುಹೋಗುತ್ತಾನೆ.

ಹೀಗಿದ್ದರೂ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬ ವಿಷಯದಲ್ಲಿ ಜನರಲ್ಲಿ ಎರಡು ಬಗೆಯ ತಪ್ಪು ಕಲ್ಪನೆಗಳಿವೆ. ಕ್ಯಾಮೆರಾ ಇದ್ದೆಡೆ ಅಪರಾಧವೇ ನಡೆಯದು ಎಂಬುದು ಒಂದು. ಕ್ಯಾಮೆರಾ ಎಂದಿಗೂ ತಪ್ಪು ಮಾಡದು ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಭದ್ರತೆ ಎಷ್ಟು ಅಗತ್ಯವೋ, ತಪ್ಪು ಗುರುತಿನಿಂದ ನಿರಪರಾಧಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ. ಆದುದರಿಂದ ಈ ವ್ಯವಸ್ಥೆಯ ಪರಿಚಯ ಪ್ರತಿಯೊಬ್ಬ ನಾಗರಿಕನಿಗೂ ಉಪಯುಕ್ತವಾಗಿದೆ.

ಕ್ಯಾಮೆರಾ ಬೆಳೆದುಬಂದ ದಾರಿ

ಪ್ರಸಾರಕ್ಕಾಗಿ ಅಲ್ಲದೆ, ನಿರ್ದಿಷ್ಟ ಸ್ಥಳವೊಂದನ್ನು ದೂರದಿಂದ ಗಮನಿಸುವುದಕ್ಕಾಗಿ ದೂರದರ್ಶನ ತಂತ್ರವನ್ನು ಬಳಸುವ ಏರ್ಪಾಡಿಗೆ ಕ್ಲೋಸ್ಡ್ ಸರ್ಕ್ಯೂಟ್ ಟೆಲಿವಿಷನ್, ಅಂದರೆ ಸಿ.ಸಿ.ಟಿ.ವಿ. ಎಂದು ಹೆಸರು. ಇದರ ಚಿತ್ರಗಳು ಎಲ್ಲರಿಗೂ ತಲುಪುವುದಿಲ್ಲ. ಕ್ಯಾಮೆರಾದಿಂದ ಹೊರಟ ಸಂಕೇತವು ಗೊತ್ತುಪಡಿಸಿದ ಪರದೆಗೆ ಮಾತ್ರ ಹೋಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜರ್ಮನಿಯ ಪೀನೆಮ್ಯೂಂಡೆ ಎಂಬಲ್ಲಿ ರಾಕೆಟ್ ಉಡಾವಣೆಯನ್ನು ಸುರಕ್ಷಿತ ದೂರದಿಂದ ವೀಕ್ಷಿಸಲು ವಾಲ್ಟರ್ ಬ್ರುಖ್ ಎಂಬ ಇಂಜಿನಿಯರ್ ಇಂತಹ ಏರ್ಪಾಡನ್ನು ರೂಪಿಸಿದನು. ಮೊದಮೊದಲು ಚಿತ್ರವನ್ನು ನೋಡಬಹುದಾಗಿತ್ತೇ ಹೊರತು ಕೂಡಿಡುವುದು ಸುಲಭವಾಗಿರಲಿಲ್ಲ. ವಿಡಿಯೊ ಟೇಪು ಬಂದ ಅನಂತರ ಆ ಕೊರತೆ ನೀಗಿತು.

ಆರಂಭದ ಕ್ಯಾಮೆರಾಗಳಲ್ಲಿ ನಿರ್ವಾತ ನಳಿಕೆಗಳಿರುತ್ತಿದ್ದವು. ಅವು ಗಾತ್ರದಲ್ಲಿ ದೊಡ್ಡವು, ಬಾಳಿಕೆಯಲ್ಲಿ ಕಡಿಮೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರು ಸಿ.ಸಿ.ಡಿ. ಎಂಬ ಅರೆವಾಹಕ ಸಾಧನವನ್ನು ಕಂಡುಹಿಡಿದರು. ಬೆಳಕನ್ನು ವಿದ್ಯುದಂಶವಾಗಿ ಪರಿವರ್ತಿಸಿ, ಸಾಲುಸಾಲಾಗಿ ಎಣಿಸಿ ಕೊಡುವ ಈ ಸಾಧನವು ಕ್ಯಾಮೆರಾವನ್ನು ಅಂಗೈಯಷ್ಟು ಚಿಕ್ಕದಾಗಿಸಿತು. ಈ ಶೋಧಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈಗಿನ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಂಡುಬರುವುದು ಸಿ-ಮಾಸ್ ಎಂಬ ಸಂವೇದಕ. ಇದು ಇನ್ನೂ ಅಗ್ಗ. ವಿದ್ಯುತ್ತಿನ ಬಳಕೆಯೂ ಕಡಿಮೆ. ಕತ್ತಲಲ್ಲಿ ನೋಡುವುದಕ್ಕಾಗಿ ಕ್ಯಾಮೆರಾದ ಸುತ್ತ ಅವಕೆಂಪು ಕಿರಣಗಳನ್ನು ಸೂಸುವ ಸಣ್ಣ ದೀಪಗಳನ್ನು ಜೋಡಿಸಿರುತ್ತಾರೆ. ಈ ಕಿರಣಗಳು ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತವೆ. ರಾತ್ರಿಯ ದೃಶ್ಯಗಳು ಬಣ್ಣವಿಲ್ಲದೆ ಬೂದುಬಣ್ಣದಲ್ಲಿ ಮೂಡುವುದಕ್ಕೆ ಇದೇ ಕಾರಣ.

ಕಾಣುವುದು ಬೇರೆ, ಗುರುತಿಸುವುದು ಬೇರೆ

ಕ್ಯಾಮೆರಾ ಅಳವಡಿಸಿದ ಮಾತ್ರಕ್ಕೆ ಜನರ ಗುರುತು ಸಿಗುತ್ತದೆ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಅಂಕೀಯ ಚಿತ್ರವೆಂಬುದು ಪಿಕ್ಸೆಲ್ ಎನ್ನಲಾಗುವ ಸಣ್ಣ ಸಣ್ಣ ಚಿತ್ರಬಿಂದುಗಳ ಜೋಡಣೆ. ದೃಶ್ಯದಲ್ಲಿನ ಒಂದು ಮೀಟರ್ ಅಗಲಕ್ಕೆ ಎಷ್ಟು ಚಿತ್ರಬಿಂದುಗಳು ಬೀಳುತ್ತವೆ ಎಂಬುದರ ಮೇಲೆ ಆ ಚಿತ್ರದ ಉಪಯುಕ್ತತೆ ನಿರ್ಧಾರವಾಗುತ್ತದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 2014ರ ಮಾನಕವು ಇದಕ್ಕೆ ಅಳತೆಗಳನ್ನು ಗೊತ್ತುಪಡಿಸಿತ್ತು. ಅಲ್ಲಿ ಒಬ್ಬ ಮನುಷ್ಯನಿದ್ದಾನೆ ಎಂದಷ್ಟೇ ಹೇಳಲು ಮೀಟರಿಗೆ 25 ಬಿಂದುಗಳು ಸಾಕು. ಈಗಾಗಲೇ ಪರಿಚಯವಿರುವ ವ್ಯಕ್ತಿ ಇವನೇ ಎಂದು ಹೇಳಲು 125 ಬಿಂದುಗಳು ಬೇಕು. ಅಪರಿಚಿತನೊಬ್ಬನ ಗುರುತನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಲು 250 ಬಿಂದುಗಳು ಬೇಕು.

ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಡ್ಡಲಾಗಿ 1920 ಚಿತ್ರಬಿಂದುಗಳುಳ್ಳ ಕ್ಯಾಮೆರಾ ಇದೆ ಎಂದು ಇಟ್ಟುಕೊಳ್ಳೋಣ. ಮನುಷ್ಯರ ಇರುವನ್ನು ಮಾತ್ರ ತಿಳಿಯಬೇಕಾದರೆ ಅದು ಸುಮಾರು 77 ಮೀಟರ್ ಅಗಲದ ಅಂಗಳವನ್ನು ಕಾಯಬಲ್ಲದು. ಆದರೆ ಮುಖದ ಗುರುತು ಬೇಕಾದಲ್ಲಿ ಅದೇ ಕ್ಯಾಮೆರಾ ಸುಮಾರು ಏಳೂವರೆ ಮೀಟರ್ ಅಗಲವನ್ನಷ್ಟೇ ನೋಡಬಲ್ಲದು. ಈ ಕಾರಣದಿಂದಲೇ ಸುವ್ಯವಸ್ಥಿತ ಕಟ್ಟಡಗಳಲ್ಲಿ ಎರಡು ಬಗೆಯ ಕ್ಯಾಮೆರಾಗಳಿರುತ್ತವೆ. ಅಂಗಳ ಮತ್ತು ಮೊಗಸಾಲೆಗಳ ಮೇಲೆ ವಿಶಾಲ ನೋಟದವು. ಬಾಗಿಲು, ಮೆಟ್ಟಿಲು, ಲಿಫ್ಟುಗಳ ಬಳಿ ಕಿರಿದಾದ ನೋಟದವು. ಎಲ್ಲರೂ ಒಬ್ಬೊಬ್ಬರಾಗಿ ಹಾದುಹೋಗಲೇಬೇಕಾದ ಬಾಗಿಲು ಗುರುತು ಹಿಡಿಯುವುದಕ್ಕೆ ಅತ್ಯುತ್ತಮವಾದ ಸ್ಥಳ.

ಕ್ಯಾಮೆರಾದ ಎತ್ತರವೂ ಮುಖ್ಯ. ಚಾವಣಿಯಲ್ಲಿ ತೂಗುಹಾಕಿದ ಕ್ಯಾಮೆರಾಕ್ಕೆ ತಲೆಗೂದಲು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಬಾಗಿಲಿನ ಹಿಂದಿನಿಂದ ಬಿಸಿಲು ಬೀಳುತ್ತಿದ್ದರೆ ಒಳಬರುವವರ ಮುಖ ಬರಿಯ ನೆರಳಾಗಿ ಮೂಡುತ್ತದೆ. ಹೆಚ್ಚು ಹಣ ತೆತ್ತು ಕೊಂಡ ಉಪಕರಣವು ಇಂತಹ ಸಣ್ಣ ಅಲಕ್ಷ್ಯದಿಂದ ನಿರರ್ಥಕವಾಗುವುದುಂಟು.

ದೃಶ್ಯಗಳನ್ನು ಕೂಡಿಡುವುದೂ ಒಂದು ಸಮಸ್ಯೆಯೇ. ಸೆಕೆಂಡಿಗೆ ನಾಲ್ಕು ಮೆಗಾಬಿಟ್‌ಗಳಷ್ಟು ಮಾಹಿತಿಯನ್ನು ಕಳುಹಿಸುವ ಒಂದು ಕ್ಯಾಮೆರಾ ದಿನವೊಂದಕ್ಕೆ ಸುಮಾರು 43 ಗಿಗಾಬೈಟ್ ಜಾಗವನ್ನು ಬೇಡುತ್ತದೆ. ಅಂತಹ ನೂರು ಕ್ಯಾಮೆರಾಗಳ ಮೂವತ್ತು ದಿನಗಳ ದಾಖಲೆಗೆ ಸುಮಾರು 1,30,000 ಗಿಗಾಬೈಟ್ ಬೇಕಾಗುತ್ತದೆ. ಹೀಗಾಗಿ ಹಳೆಯ ದೃಶ್ಯಗಳ ಮೇಲೆ ಹೊಸ ದೃಶ್ಯಗಳು ತಾವಾಗಿಯೇ ಅಚ್ಚಾಗುವಂತೆ ಏರ್ಪಡಿಸಿರುತ್ತಾರೆ. ಕಳವು ಅಥವಾ ಅವಘಡಕ್ಕೆ ಸಂಬಂಧಿಸಿದ ದೃಶ್ಯ ಬೇಕಾದವರು ತಡಮಾಡದೆ ಲಿಖಿತ ಮನವಿ ಸಲ್ಲಿಸಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ.

ಹೆಜ್ಜೆಯನ್ನು ಅನುಸರಿಸುವ ವಿಧಾನ

ಚಲಿಸುವ ವ್ಯಕ್ತಿಯನ್ನು ಗಣಕಯಂತ್ರವು ಅನುಸರಿಸುವುದು ಹಂತಹಂತವಾಗಿ. ಮೊದಲನೆಯ ಹಂತದಲ್ಲಿ ಚಿತ್ರದಲ್ಲಿ ಮನುಷ್ಯಾಕೃತಿ ಎಲ್ಲಿದೆ ಎಂಬುದನ್ನು ಹುಡುಕಿ ಅದರ ಸುತ್ತ ಕಾಲ್ಪನಿಕ ಚೌಕಟ್ಟೊಂದನ್ನು ಎಳೆಯಲಾಗುತ್ತದೆ. ಹಿಂದೆ ಖಾಲಿ ಕೊಠಡಿಯ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡು, ಈಗಿನ ಚಿತ್ರದಿಂದ ಅದನ್ನು ಕಳೆದು, ಉಳಿದುದನ್ನು ಮನುಷ್ಯನೆಂದು ಭಾವಿಸುವ ಪದ್ಧತಿಯಿತ್ತು. ಕಿಟಕಿಯ ಪರದೆ ಅಲುಗಿದರೂ, ದೀಪ ಆರಿದರೂ ಆ ಪದ್ಧತಿ ಮೋಸಹೋಗುತ್ತಿತ್ತು. ಈಗ ಲಕ್ಷಾಂತರ ಚಿತ್ರಗಳಿಂದ ತರಬೇತಿ ಪಡೆದ ಕೃತಕ ನರಜಾಲಗಳು ಈ ಕೆಲಸವನ್ನು ಹೆಚ್ಚು ಸಮರ್ಥವಾಗಿ ಮಾಡುತ್ತವೆ.

ಎರಡನೆಯ ಹಂತದಲ್ಲಿ, ಆ ವ್ಯಕ್ತಿ ಮುಂದಿನ ಕ್ಷಣದಲ್ಲಿ ಎಲ್ಲಿರಬಹುದೆಂದು ಅಂದಾಜು ಮಾಡಲಾಗುತ್ತದೆ. 1960ರಲ್ಲಿ ರುಡಾಲ್ಫ್ ಕಾಲ್ಮನ್ ಎಂಬ ವಿಜ್ಞಾನಿ ಪ್ರಕಟಿಸಿದ ಗಣಿತ ವಿಧಾನವು ಇದಕ್ಕೆ ಇಂದಿಗೂ ಆಧಾರವಾಗಿದೆ. ಚಂದ್ರನತ್ತ ಸಾಗಿದ ಅಪೊಲೊ ನೌಕೆಗಳ ಪಥವನ್ನು ಅಂದಾಜಿಸಲು ನೆರವಾದ ವಿಧಾನವೂ ಇದೇ. ಅಂದಾಜಿನ ಸ್ಥಳದ ಸಮೀಪದಲ್ಲಿ ಆಕೃತಿ ಕಂಡುಬಂದರೆ ಅದು ಮೊದಲಿನ ವ್ಯಕ್ತಿಯೇ ಎಂದು ಗಣಕವು ನಿರ್ಧರಿಸುತ್ತದೆ. ವ್ಯಕ್ತಿ ಕಂಬದ ಮರೆಗೆ ಸರಿದು ಮತ್ತೆ ಕಾಣಿಸಿಕೊಂಡಾಗಲೂ ಈ ಅಂದಾಜು ನೆರವಾಗುತ್ತದೆ.

ಮೂರನೆಯ ಹಂತ ಕಠಿಣವಾದುದು. ವ್ಯಕ್ತಿ ಒಂದು ಕ್ಯಾಮೆರಾದ ನೋಟದಿಂದ ಹೊರಗೆ ಹೋಗಿ ಇನ್ನೊಂದರ ನೋಟದೊಳಗೆ ಬಂದಾಗ ಇವರಿಬ್ಬರೂ ಒಬ್ಬರೇ ಎಂದು ತಿಳಿಯಬೇಕು. ಇದಕ್ಕಾಗಿ ಉಡುಪಿನ ಬಣ್ಣ, ದೇಹದ ಎತ್ತರ, ಕೈಚೀಲ ಇತ್ಯಾದಿ ಲಕ್ಷಣಗಳನ್ನೂ, ಎರಡು ಕ್ಯಾಮೆರಾಗಳ ನಡುವಣ ದಾರಿಯನ್ನು ನಡೆಯಲು ತಗಲುವ ಕಾಲವನ್ನೂ ಒಟ್ಟಾಗಿ ಪರಿಗಣಿಸಲಾಗುತ್ತದೆ. ಎಲ್ಲ ಕ್ಯಾಮೆರಾಗಳ ಗಡಿಯಾರಗಳೂ ಒಂದೇ ವೇಳೆಯನ್ನು ತೋರಿಸುತ್ತಿರಬೇಕಾದುದು ಇಲ್ಲಿ ಅತ್ಯಗತ್ಯ. ಒಂದು ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೂ ವ್ಯಕ್ತಿ ಹೊರಡುವ ಮುನ್ನವೇ ತಲುಪಿದನೆಂಬ ವಿಚಿತ್ರ ದಾಖಲೆ ಸಿದ್ಧವಾಗುತ್ತದೆ. ಎಲ್ಲರೂ ಒಂದೇ ಬಗೆಯ ಸಮವಸ್ತ್ರ ಧರಿಸಿರುವ ಕಾರ್ಖಾನೆಗಳಲ್ಲಿ ಉಡುಪಿನ ಲಕ್ಷಣದಿಂದ ಪ್ರಯೋಜನವಾಗದು. ಆದುದರಿಂದ ಅನೇಕ ಕಡೆಗಳಲ್ಲಿ ಬಾಗಿಲಿನ ಗುರುತಿನ ಚೀಟಿಯ ದಾಖಲೆಯನ್ನೂ ಕ್ಯಾಮೆರಾದ ದೃಶ್ಯವನ್ನೂ ಜೊತೆಗೂಡಿಸುತ್ತಾರೆ. ಒಬ್ಬರ ಚೀಟಿಯಿಂದ ಬಾಗಿಲು ತೆರೆದು, ಅವರ ಬೆನ್ನಿಗೇ ಇನ್ನೊಬ್ಬರು ನುಸುಳಿದರೆ ಆಗ ಅದು ಬೆಳಕಿಗೆ ಬರುತ್ತದೆ.

ಮುಖವನ್ನು ಅಂಕೆಗಳಾಗಿಸುವ ಗಣಕ

ಗಣಕಯಂತ್ರಕ್ಕೆ ಮುಖಗಳನ್ನು ಗುರುತಿಸಲು ಕಲಿಸುವ ಯತ್ನ ಆರು ದಶಕಗಳಷ್ಟು ಹಳೆಯದು. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ವುಡಿ ಬ್ಲೆಡ್ಸೊ ಮತ್ತು ಅವರ ಸಂಗಡಿಗರು ಭಾವಚಿತ್ರಗಳಲ್ಲಿ ಕಣ್ಣು, ಮೂಗು, ಬಾಯಿಗಳ ಅಂಚುಗಳನ್ನು ಕೈಯಿಂದ ಗುರುತು ಹಾಕಿ, ಅವುಗಳ ನಡುವಣ ಅಂತರಗಳನ್ನು ಗಣಕಕ್ಕೆ ಒದಗಿಸಿದರು. 1973ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದಲ್ಲಿ ತಕೆಯೊ ಕನಾಡೆ ಅವರು ಗಣಕವು ತಾನೇ ಈ ಅಂಚುಗಳನ್ನು ಹುಡುಕುವಂತೆ ಮಾಡಿದರು. 1991ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಮ್ಯಾಥ್ಯೂ ಟರ್ಕ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ ಅವರು, ಪ್ರತಿಯೊಂದು ಮುಖವನ್ನೂ ಕೆಲವೇ ಮೂಲಮುಖಗಳ ವಿವಿಧ ಪ್ರಮಾಣದ ಮಿಶ್ರಣವೆಂದು ಬಗೆಯುವ ವಿಧಾನವನ್ನು ಮುಂದಿಟ್ಟರು. 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ ಅವರ ವಿಧಾನದಿಂದ ಚಿತ್ರದಲ್ಲಿ ಮುಖವು ಎಲ್ಲಿದೆ ಎಂಬುದನ್ನು ಕ್ಷಣಾರ್ಧದಲ್ಲಿ ಹುಡುಕುವುದು ಸಾಧ್ಯವಾಯಿತು.

2012ರಿಂದೀಚೆಗೆ ಈ ಕ್ಷೇತ್ರದ ಸ್ವರೂಪವೇ ಬದಲಾಯಿತು. ಆಳವಾದ ನರಜಾಲಗಳು ಕಣ್ಣು ಮೂಗುಗಳನ್ನು ಪ್ರತ್ಯೇಕವಾಗಿ ಅಳೆಯುವುದಿಲ್ಲ. ಅಪಾರ ಸಂಖ್ಯೆಯ ಭಾವಚಿತ್ರಗಳನ್ನು ನೋಡಿ, ಒಬ್ಬನೇ ವ್ಯಕ್ತಿಯ ಬೇರೆ ಬೇರೆ ಚಿತ್ರಗಳು ಪರಸ್ಪರ ಹತ್ತಿರವಾಗುವಂತೆಯೂ, ಬೇರೆ ವ್ಯಕ್ತಿಗಳ ಚಿತ್ರಗಳು ದೂರವಾಗುವಂತೆಯೂ ಪ್ರತಿ ಮುಖಕ್ಕೆ ಒಂದು ಅಂಕೆಗಳ ಸಾಲನ್ನು ಕೊಡಲು ಅವು ಕಲಿಯುತ್ತವೆ. 2015ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕೆಗಳು ಮಾತ್ರ ಇದ್ದವು. ಎರಡು ಸಾಲುಗಳ ನಡುವಣ ಅಂತರ ಗೊತ್ತುಪಡಿಸಿದ ಮಿತಿಗಿಂತ ಕಡಿಮೆಯಿದ್ದರೆ ಅವು ಒಬ್ಬನವೇ ಎಂದು ತೀರ್ಮಾನವಾಗುತ್ತದೆ. ಆದುದರಿಂದ ಗಣಕದ ಉತ್ತರ ನಿಜದಲ್ಲಿ ‘ಹೌದು’ ಅಥವಾ ‘ಅಲ್ಲ’ ಎಂಬುದಲ್ಲ. ಎಷ್ಟು ಹೋಲುತ್ತದೆ ಎಂಬ ಅಳತೆ ಮಾತ್ರ. ಮಿತಿಯನ್ನು ಸಡಿಲಿಸಿದರೆ ಅನ್ಯರನ್ನು ಒಳಬಿಡುವ ತಪ್ಪು ಹೆಚ್ಚುತ್ತದೆ. ಬಿಗಿಗೊಳಿಸಿದರೆ ನಿಜವಾದ ಹಕ್ಕುದಾರರನ್ನೇ ತಡೆಯುವ ತಪ್ಪು ಹೆಚ್ಚುತ್ತದೆ. ಎರಡನ್ನೂ ಏಕಕಾಲಕ್ಕೆ ಸೊನ್ನೆ ಮಾಡಲು ಬರುವುದಿಲ್ಲ.

ಈ ಹೋಲಿಕೆಯಲ್ಲಿ ಎರಡು ಬಗೆಗಳಿವೆ. ‘ನಾನು ಇಂಥವನು’ ಎಂದು ಹೇಳಿಕೊಂಡು ಬಂದವನ ಮುಖವನ್ನು ಅವನದೇ ಹಳೆಯ ಚಿತ್ರದೊಡನೆ ಹೋಲಿಸುವುದು ಒಂದು. ಇದು ಒಂದಕ್ಕೆ ಒಂದರ ಹೋಲಿಕೆ. ಗುಂಪಿನಲ್ಲಿ ಹಾದುಹೋಗುವ ಅಪರಿಚಿತನ ಮುಖವನ್ನು ಸಾವಿರಾರು ಜನರ ಪಟ್ಟಿಯೊಡನೆ ಹೋಲಿಸುವುದು ಇನ್ನೊಂದು. ಇದು ಒಂದಕ್ಕೆ ಹಲವರ ಹೋಲಿಕೆ. ಮೊದಲನೆಯದು ಸುಲಭ, ಹೆಚ್ಚು ನಂಬಿಕೆಗೆ ಅರ್ಹ. ಎರಡನೆಯದರಲ್ಲಿ ಪಟ್ಟಿ ಬೆಳೆದಂತೆಲ್ಲ ತಪ್ಪಿನ ಸಂಭವವೂ ಬೆಳೆಯುತ್ತದೆ. ಇವೆರಡರ ನಡುವಣ ವ್ಯತ್ಯಾಸವನ್ನು ಅರಿಯದೆ ಮುಖ ಗುರುತಿಸುವ ತಂತ್ರವನ್ನು ಹೊಗಳುವುದಾಗಲೀ ತೆಗಳುವುದಾಗಲೀ ಸರಿಯಾಗದು.

ವಿಮಾನ ನಿಲ್ದಾಣಗಳ ಅನುಭವ

ಒಂದಕ್ಕೆ ಒಂದರ ಹೋಲಿಕೆಗೆ ಉತ್ತಮ ಉದಾಹರಣೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿದೆ. ನಾಗರಿಕ ವಿಮಾನಯಾನ ಭದ್ರತೆಯ ಮಾನಕಗಳನ್ನು ಗೊತ್ತುಪಡಿಸುವ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 1987ರ ಏಪ್ರಿಲ್ 1ರಂದು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಭಾರತೀಯ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಘಟನೆಯ ಅನಂತರ, 2000ದ ಫೆಬ್ರವರಿಯಲ್ಲಿ ಜಯಪುರದಿಂದ ಮೊದಲುಗೊಂಡು ವಿಮಾನ ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲಾಯಿತು. ಪ್ರಯಾಣಿಕರ ಸಂಖ್ಯೆ ಏರಿದಂತೆ ಬಾಗಿಲಲ್ಲಿ ಚೀಟಿಯನ್ನೂ ಗುರುತುಪತ್ರವನ್ನೂ ಕಣ್ಣಿನಿಂದ ಪರೀಕ್ಷಿಸುವ ಕೆಲಸ ವಿಳಂಬಕ್ಕೆ ಕಾರಣವಾಗತೊಡಗಿತು.

ಈ ಹಿನ್ನೆಲೆಯಲ್ಲಿ ‘ಡಿಜಿ ಯಾತ್ರಾ’ ಎಂಬ ವ್ಯವಸ್ಥೆ 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು ಮತ್ತು ವಾರಾಣಸಿ ನಿಲ್ದಾಣಗಳಲ್ಲಿ ಆರಂಭವಾಯಿತು. 2023ರಲ್ಲಿ ಹೈದರಾಬಾದು, ಪುಣೆ, ಕೊಲ್ಕತ್ತ, ಮುಂಬಯಿ ಮೊದಲಾದೆಡೆಗಳಿಗೆ ವಿಸ್ತರಿಸಿತು. ದೇಶದೊಳಗಿನ ಪ್ರಯಾಣಕ್ಕಾಗಿ ರೂಪಿತವಾದ ಈ ವ್ಯವಸ್ಥೆಯಲ್ಲಿ ಪ್ರಯಾಣಿಕರು ಆಧಾರ್ ಮೂಲಕ ತಮ್ಮ ಗುರುತನ್ನು ದೃಢಪಡಿಸಿಕೊಂಡು, ತಮ್ಮ ಮುಖದ ಚಿತ್ರವನ್ನು ತಮ್ಮದೇ ಮೊಬೈಲ್ ಫೋನಿನಲ್ಲಿ ಇಟ್ಟುಕೊಳ್ಳುತ್ತಾರೆ. ಪ್ರಯಾಣಕ್ಕೆ ಮುನ್ನ ಅದನ್ನೂ ಬೋರ್ಡಿಂಗ್ ಪಾಸಿನ ವಿವರವನ್ನೂ ಹೊರಡುವ ನಿಲ್ದಾಣಕ್ಕೆ ಕಳುಹಿಸುತ್ತಾರೆ. ನಿಲ್ದಾಣದ ಬಾಗಿಲಲ್ಲಿ ಪಾಸನ್ನು ತೋರಿಸಿದಾಗ ಕ್ಯಾಮೆರಾ ಮುಖವನ್ನು ನೋಡಿ, ಎರಡೂ ಹೊಂದಿಕೆಯಾದರೆ ಬಾಗಿಲು ತೆರೆಯುತ್ತದೆ. ಪ್ರಯಾಣ ಹೊರಟ 24 ಗಂಟೆಗಳೊಳಗೆ ನಿಲ್ದಾಣವು ಆ ಮಾಹಿತಿಯನ್ನು ಅಳಿಸಿಹಾಕಬೇಕೆಂಬುದು ನಿಯಮ.

ಈ ವ್ಯವಸ್ಥೆ ಸ್ವಇಚ್ಛೆಯದು ಎಂಬುದನ್ನು ಪ್ರಯಾಣಿಕರು ನೆನಪಿನಲ್ಲಿಡಬೇಕು. ಇದನ್ನು ಬಳಸಲು ಒಪ್ಪದವರು ಎಂದಿನಂತೆ ಗುರುತುಪತ್ರ ತೋರಿಸಿ ಒಳಗೆ ಹೋಗಬಹುದು. ನಿಲ್ದಾಣದ ಸಿಬ್ಬಂದಿ ಮುಖದ ಚಿತ್ರ ತೆಗೆಯಲು ಮುಂದಾದಾಗ ಅದು ಯಾವುದಕ್ಕಾಗಿ ಎಂದು ಕೇಳುವ, ಬೇಡವೆನ್ನುವ ಹಕ್ಕು ಪ್ರಯಾಣಿಕರಿಗೆ ಇದೆ. ಮುಖದ ಹೋಲಿಕೆಯಿಂದ ಬಾಗಿಲು ತೆರೆದರೂ ಮೈ ಮತ್ತು ಚೀಲಗಳ ತಪಾಸಣೆ ತಪ್ಪುವುದಿಲ್ಲ ಎಂಬುದೂ ಗಮನಾರ್ಹ.

ಯಂತ್ರದ ತಪ್ಪು, ಮನುಷ್ಯನ ಪಾಡು

ಒಂದಕ್ಕೆ ಹಲವರ ಹೋಲಿಕೆಯಲ್ಲಿನ ಅಪಾಯವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಕಟ್ಟಡಕ್ಕೆ ದಿನವೂ ಹತ್ತು ಸಾವಿರ ಜನ ಬರುತ್ತಾರೆ. ಅಲ್ಲಿನ ಯಂತ್ರ ಸಾವಿರ ಅಮಾಯಕರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ಶಂಕಿತರ ಪಟ್ಟಿಯಲ್ಲಿರುವವರೆಂದು ಹೇಳುತ್ತದೆ ಎಂದಿರಲಿ. ದಿನಕ್ಕೆ ಹತ್ತು, ವರ್ಷಕ್ಕೆ 3,650 ಸುಳ್ಳು ಎಚ್ಚರಿಕೆಗಳು ಹೊರಡುತ್ತವೆ. ಪಟ್ಟಿಯಲ್ಲಿರುವ ನಿಜವಾದ ವ್ಯಕ್ತಿ ವರ್ಷದಲ್ಲಿ ಒಮ್ಮೆ ಮಾತ್ರ ಬಂದನೆಂದರೆ, ಆ 3,651 ಎಚ್ಚರಿಕೆಗಳಲ್ಲಿ ನಿಜವಾದುದು ಒಂದೇ ಒಂದು. ಶೇಕಡ 99.9ರಷ್ಟು ನಿಖರವೆಂದು ಹೇಳಿಕೊಳ್ಳುವ ಯಂತ್ರದ ಫಲ ಇದು. ಸುಳ್ಳು ಎಚ್ಚರಿಕೆಗಳಿಗೆ ಒಗ್ಗಿಹೋದ ಕಾವಲುಗಾರನು ನಿಜವಾದ ಎಚ್ಚರಿಕೆಯನ್ನೂ ಅಲಕ್ಷಿಸುವ ಸಂಭವವಿದೆ. ಇಲ್ಲವೇ ಪ್ರತಿಯೊಂದನ್ನೂ ನಂಬಿ ಅಮಾಯಕರನ್ನು ಪೀಡಿಸುವ ಸಂಭವವಿದೆ.

ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದು ಇನ್ನೂ ಗಂಭೀರವಾದ ವಿಷಯ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2019ರ ಡಿಸೆಂಬರಿನಲ್ಲಿ 99 ತಯಾರಕರ 189 ಗಣಕಕ್ರಮಗಳ ಪರೀಕ್ಷೆಯ ವರದಿಯನ್ನು ಪ್ರಕಟಿಸಿತು. ಒಂದಕ್ಕೆ ಒಂದರ ಹೋಲಿಕೆಯಲ್ಲಿ ಆಫ್ರಿಕನ್ ಮತ್ತು ಏಷ್ಯಾ ಮೂಲದವರನ್ನು ಬೇರೊಬ್ಬರೆಂದು ತಪ್ಪಾಗಿ ಭಾವಿಸುವ ಪ್ರಮಾಣ ಬಿಳಿಯರಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಾಗಿರಬಹುದೆಂದು ಅನೇಕ ಕ್ರಮಗಳ ಪರೀಕ್ಷೆಯಿಂದ ತಿಳಿದುಬಂದಿತು. ಆದರೆ ಚೀನಾದಲ್ಲಿ ರೂಪುಗೊಂಡ ಕೆಲವು ಕ್ರಮಗಳಲ್ಲಿ ಪೂರ್ವ ಏಷ್ಯಾದವರ ವಿಷಯದಲ್ಲಿ ಈ ಅಂತರ ಕಾಣಲಿಲ್ಲ. ಯಂತ್ರವು ಯಾವ ಮುಖಗಳನ್ನು ನೋಡಿ ಕಲಿತಿದೆಯೋ ಆ ಮುಖಗಳನ್ನೇ ಚೆನ್ನಾಗಿ ಅರಿಯುತ್ತದೆ ಎಂದು ಇದರಿಂದ ಊಹಿಸಬಹುದು. ನಾನಾ ಪ್ರಾಂತಗಳ, ನಾನಾ ಮೈಬಣ್ಣಗಳ ಜನರಿರುವ ಭಾರತದಲ್ಲಿ ಬಳಸುವ ಯಂತ್ರವನ್ನು ಇಲ್ಲಿನ ಮುಖಗಳ ಮೇಲೆಯೇ ಪರೀಕ್ಷಿಸಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

ಇಂತಹ ತಪ್ಪಿನ ಪರಿಣಾಮ ಎಷ್ಟು ಕಠೋರವಾಗಬಹುದೆಂಬುದಕ್ಕೆ ಅಮೆರಿಕದ ಡೆಟ್ರಾಯಿಟ್ ನಗರದ ಪ್ರಕರಣ ಸಾಕ್ಷಿ. ಅಂಗಡಿಯೊಂದರ ಕೈಗಡಿಯಾರಗಳ ಕಳವಿಗೆ ಸಂಬಂಧಿಸಿದ ಮಸುಕಾದ ಕ್ಯಾಮೆರಾ ಚಿತ್ರವನ್ನು ಗಣಕವು ಒಬ್ಬ ಕಪ್ಪುವರ್ಣೀಯ ಗೃಹಸ್ಥನ ವಾಹನ ಚಾಲನಾ ಪರವಾನಗಿಯ ಭಾವಚಿತ್ರದೊಡನೆ ಹೊಂದಿಸಿತು. 2020ರ ಜನವರಿಯಲ್ಲಿ ಅವನನ್ನು ಅವನ ಮನೆಯೆದುರು, ಹೆಂಡತಿ ಮಕ್ಕಳ ಕಣ್ಣಮುಂದೆಯೇ ಬಂಧಿಸಲಾಯಿತು. ಸುಮಾರು ಮೂವತ್ತು ಗಂಟೆಗಳ ಸೆರೆಯ ಅನಂತರ ಬಿಡುಗಡೆಯಾದ ಆತನ ಮೇಲಿನ ಆರೋಪ ಬಿದ್ದುಹೋಯಿತು. ಕೇವಲ ಮುಖ ಹೋಲಿಕೆಯ ಆಧಾರದ ಮೇಲೆ ಯಾರನ್ನೂ ಬಂಧಿಸತಕ್ಕದ್ದಲ್ಲ ಎಂಬ ಷರತ್ತಿಗೆ ಅಲ್ಲಿನ ಪೊಲೀಸರು 2024ರಲ್ಲಿ ಒಪ್ಪಬೇಕಾಯಿತು. ಗಣಕವು ಕೊಡುವುದು ಒಂದು ಸುಳಿವು. ಅದನ್ನೇ ಸಾಕ್ಷ್ಯವೆಂದು ತಿಳಿದುದು ಅಲ್ಲಿ ನಡೆದ ಪ್ರಮಾದ.

ಗುರುತು ಸರಿಯಿದ್ದರೂ ಸಾಲದು

ಗುರುತು ಸರಿಯಾಗಿದ್ದ ಮಾತ್ರಕ್ಕೆ ಭದ್ರತೆ ಪೂರ್ಣವಾಗುವುದಿಲ್ಲ ಎಂಬುದನ್ನು 2023ರ ಡಿಸೆಂಬರ್ 13ರ ಘಟನೆ ತೋರಿಸಿಕೊಟ್ಟಿತು. 2001ರ ಸಂಸತ್ ದಾಳಿಯ ವಾರ್ಷಿಕ ದಿನವಾದ ಅಂದು, ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ಸಂದರ್ಶಕರ ಗ್ಯಾಲರಿಯಿಂದ ಇಬ್ಬರು ಕೆಳಕ್ಕೆ ಧುಮುಕಿ, ಅಡಗಿಸಿ ತಂದಿದ್ದ ಡಬ್ಬಿಗಳಿಂದ ಬಣ್ಣದ ಹೊಗೆ ಹರಡಿದರು. ಅವರು ಪಾಸು ಪಡೆದೇ ಒಳಗೆ ಬಂದಿದ್ದರು. ಅವರು ಯಾರು ಎಂಬುದು ಗೊತ್ತಿತ್ತು. ಅವರ ಬಳಿ ಏನಿತ್ತು, ಅವರ ಉದ್ದೇಶವೇನು ಎಂಬುದು ಗೊತ್ತಿರಲಿಲ್ಲ. 2024ರ ಮೇ ತಿಂಗಳಲ್ಲಿ ಸಂಸತ್ ಸಂಕೀರ್ಣದ ಭದ್ರತೆಯ ಹೊಣೆಯನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸಲಾಯಿತು. ಕ್ಯಾಮೆರಾ ಹೇಳಬಲ್ಲುದು ‘ಯಾರು’ ಮತ್ತು ‘ಎಲ್ಲಿ’ ಎಂಬುದನ್ನಷ್ಟೇ. ತಪಾಸಣೆ, ವಿವೇಚನೆ, ಸಮಯಪ್ರಜ್ಞೆ ಇವು ತರಬೇತಿ ಪಡೆದ ಮನುಷ್ಯರಿಂದಲೇ ಆಗಬೇಕು.

ಕಾವಲುಗಾರನನ್ನು ಕಾಯುವವರು

ಈಗಿನ ಕ್ಯಾಮೆರಾ ಒಂದು ಚಿಕ್ಕ ಗಣಕಯಂತ್ರವೇ ಆಗಿದ್ದು, ಅಂತರಜಾಲಕ್ಕೆ ಜೋಡಣೆಯಾಗಿರುತ್ತದೆ. ಆದುದರಿಂದ ಅದೂ ದಾಳಿಗೆ ಗುರಿಯಾಗಬಲ್ಲದು. 2016ರಲ್ಲಿ ‘ಮಿರಾಯಿ’ ಎಂಬ ದುಷ್ಟ ಗಣಕಕ್ರಮವು ಜಗತ್ತಿನಾದ್ಯಂತ ಭಾರೀ ಸಂಖ್ಯೆಯ ಕ್ಯಾಮೆರಾಗಳನ್ನೂ ದೃಶ್ಯಮುದ್ರಕಗಳನ್ನೂ ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಅನೇಕ ಪ್ರಮುಖ ಜಾಲತಾಣಗಳು ಸ್ತಬ್ಧವಾಗಲು ಕಾರಣವಾಯಿತು. ಕಾರ್ಖಾನೆಯಲ್ಲಿ ಇಟ್ಟಿದ್ದ ಗುಪ್ತಪದಗಳನ್ನು ಕೊಂಡವರು ಬದಲಿಸದೆ ಬಿಟ್ಟದ್ದೇ ಅದಕ್ಕೆ ದಾರಿಯಾಯಿತು. ಭಾರತ ಸರ್ಕಾರವು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಮೂಲಕ ಸಿ.ಸಿ.ಟಿ.ವಿ. ಕ್ಯಾಮೆರಾಗಳು ಭದ್ರತಾ ಪರೀಕ್ಷೆಗೆ ಒಳಪಡುವುದನ್ನು ಕಡ್ಡಾಯಗೊಳಿಸಿತು. ಮನೆಯಲ್ಲಿ ಅಥವಾ ಗೃಹಸಂಘದಲ್ಲಿ ಕ್ಯಾಮೆರಾ ಅಳವಡಿಸುವವರೂ ಮೊದಲ ದಿನವೇ ಗುಪ್ತಪದವನ್ನು ಬದಲಾಯಿಸಬೇಕು.

ಕ್ಯಾಮೆರಾ ನಾಗರಿಕರ ಮೇಲೆ ಮಾತ್ರವಲ್ಲದೆ ಅಧಿಕಾರದ ಮೇಲೂ ಕಣ್ಣಿಡಬಲ್ಲದು. ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ದೇಶದ ಪ್ರತಿಯೊಂದು ಪೊಲೀಸ್ ಠಾಣೆಯ ಪ್ರವೇಶದ್ವಾರ, ಲಾಕಪ್, ಮೊಗಸಾಲೆ ಮುಂತಾದೆಡೆಗಳಲ್ಲಿ ಧ್ವನಿಯನ್ನೂ ದಾಖಲಿಸುವ, ರಾತ್ರಿಯಲ್ಲೂ ಕಾಣಬಲ್ಲ ಕ್ಯಾಮೆರಾಗಳಿರಬೇಕೆಂದು ಆದೇಶಿಸಿತು. ಬಂಧನದಲ್ಲಿರುವವರಿಗೆ ಹಿಂಸೆಯಾಗದಂತೆ ತಡೆಯುವುದು ಈ ಆದೇಶದ ಉದ್ದೇಶ.

ಕಾನೂನು ಮತ್ತು ನಾಗರಿಕ

ಕಾವಲಿಗೂ ಒಂದು ಎಲ್ಲೆಯಿರಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಸ್ಪಷ್ಟಪಡಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಆ ಮೊಕದ್ದಮೆಯಲ್ಲಿ ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂಬ ತೀರ್ಪು ಹೊರಬಿದ್ದಿತು. ಈ ಹಕ್ಕನ್ನು ಸರ್ಕಾರ ಮಿತಿಗೊಳಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತವಾದ ಉದ್ದೇಶವಿರಬೇಕು, ಕೈಗೊಂಡ ಕ್ರಮವು ಆ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು.

2023ರ ಆಗಸ್ಟ್ 11ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಅಂಕೀಯ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಉಪಬಂಧಗಳು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಡಿಸಲಾಗಿದೆ. ತಮ್ಮ ಬಗೆಗೆ ಯಾವ ಮಾಹಿತಿಯಿದೆ ಎಂದು ತಿಳಿಯುವ, ತಪ್ಪನ್ನು ತಿದ್ದಿಸುವ, ಅಗತ್ಯವಿಲ್ಲದ ಮಾಹಿತಿಯನ್ನು ಅಳಿಸಿಸುವ ಹಕ್ಕುಗಳನ್ನು ಕಾಯಿದೆ ನೀಡುತ್ತದೆ. ಮಾಹಿತಿಯ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ದೇಶದ ಭದ್ರತೆಯೇ ಮೊದಲಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ಅಧಿಸೂಚಿಸುವ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿಯುಂಟು. ಈ ವಿನಾಯಿತಿಯ ವ್ಯಾಪ್ತಿ ಎಷ್ಟಿರಬೇಕೆಂಬುದು ಸಾರ್ವಜನಿಕ ಚರ್ಚೆಗೆ ಒಳಗಾಗಿರುವ ಪ್ರಶ್ನೆ.

ಕ್ಯಾಮೆರಾದ ದೃಶ್ಯ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದರೂ ನಿಯಮಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ, ದೃಶ್ಯದ ನಕಲಿನೊಡನೆ ಅದು ಯಾವ ಸಾಧನದಿಂದ ಬಂದಿತು, ಅದರಲ್ಲಿ ಬದಲಾವಣೆಯಾಗಿಲ್ಲ ಎಂಬುದನ್ನು ದೃಢಪಡಿಸುವ ಪ್ರಮಾಣಪತ್ರವಿರಬೇಕು.

ಸುರಕ್ಷಿತ ಕಟ್ಟಡವನ್ನು ಪ್ರವೇಶಿಸುವಾಗ ನಾಗರಿಕರು ಕೆಲವು ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳಬಹುದು. ಇಲ್ಲಿ ಕ್ಯಾಮೆರಾ ಇದೆಯೆಂಬ ಫಲಕವಿದೆಯೆ? ಮುಖದ ಚಿತ್ರವನ್ನು ತೆಗೆಯುವುದು ಯಾವ ಉದ್ದೇಶಕ್ಕೆ? ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಯಾರು ನೋಡಬಹುದು? ತಪ್ಪು ಗುರುತಾದರೆ ದೂರು ಯಾರಿಗೆ? ಈ ಐದು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರವಿರುವ ಕಟ್ಟಡದಲ್ಲಿ ವ್ಯವಸ್ಥೆ ಉತ್ತಮವಾಗಿದೆಯೆಂದು ತಿಳಿಯಬಹುದು. ಸಂಸ್ಥೆಗಳ ಮುಖ್ಯಸ್ಥರೂ ಯಂತ್ರ ಕೊಳ್ಳುವ ಮುನ್ನವೇ ಈ ಉತ್ತರಗಳನ್ನು ಬರೆದಿಡುವುದು ಒಳಿತು.

ಕಾವಲು ಇರುವುದು ಜನರಿಗಾಗಿ. ಕಿಡಿಗೇಡಿಯನ್ನು ತಡೆಯುವ ಬಾಗಿಲು ನಿರಪರಾಧಿಗೆ ಅವಮಾನವಾಗದಂತೆ ತೆರೆದುಕೊಳ್ಳಬೇಕು. ಯಂತ್ರದ ಸಾಮರ್ಥ್ಯವನ್ನೂ ಅದರ ಮಿತಿಯನ್ನೂ ಕಾವಲುಗಾರ, ಅಧಿಕಾರಿ, ನಾಗರಿಕ ಮೂವರೂ ಸಮನಾಗಿ ಅರಿತಾಗ ಭದ್ರತೆ ಮತ್ತು ಸ್ವಾತಂತ್ರ್ಯಗಳು ಜೊತೆಯಾಗಿ ಉಳಿಯುವುದು ಸಾಧ್ಯವಾಗುತ್ತದೆ.